ಕೈ ಪಳಗುವ ಬಗೆ

ಅಕ್ಷರಾಭ್ಯಾಸವಾದ ದಿನವೇ ಮಗುವಿನ ಕೈಗೆ ಓಲೆಯನ್ನೂ ಕಬ್ಬಿಣದ ಕಂಟವನ್ನೂ ಕೊಡುವ ಪದ್ಧತಿ ನಮ್ಮ ಹಿರಿಯರಲ್ಲಿರಲಿಲ್ಲ. ಮೊದಲು ಮರಳು, ಆಮೇಲೆ ಓಲೆ. ಓಲೆಯ ಮೇಲೆ ಕೊರೆದ ತಪ್ಪು ಅಳಿಯದು; ಮರಳಿನ ಮೇಲಿನ ತಪ್ಪು ಅಂಗೈಯಿಂದ ಒಮ್ಮೆ ಸವರಿದರೆ ತೀರಿತು. ಬರೆದ ಅಕ್ಷರದ ಮೇಲೆ ಬೆರಳಾಡಿಸಿ ಕಲಿಯುವುದಕ್ಕೂ ತಪ್ಪನ್ನು ಸರಿಪಡಿಸುವುದಕ್ಕೂ ಕನ್ನಡದಲ್ಲಿ ‘ತಿದ್ದುವುದು’ ಎಂಬ ಒಂದೇ ಮಾತಿರುವುದು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ಬರಹವನ್ನು ತಿದ್ದಿದ ನಮಗೆ ಈ ಮಾತಿನ ಪೂರ್ಣಾರ್ಥವು ಹೊಳೆದುದು ಆಸ್ಪತ್ರೆಯೊಂದರಲ್ಲಿ.

ಕೆಲವು ವರ್ಷಗಳ ಕೆಳಗೆ ನಮ್ಮ ತಂಗಿಗೆ ಬಲಪಕ್ಕೆಯ ಕೆಳಗೆ ತೀವ್ರವಾದ ಶೂಲೆಯುಂಟಾಯಿತು. ಆಸ್ಪತ್ರೆಯ ಸ್ಕ್ಯಾನಿಂಗ್ ಕೊಠಡಿಯಲ್ಲಿದ್ದ ತರುಣ ವೈದ್ಯರು ಹೊಸಬರು. ಹೊಟ್ಟೆಯ ಮೇಲೆ ಜೆಲ್ ಬಳಿದು, ಪ್ರೋಬನ್ನು ಒತ್ತಿ ಒತ್ತಿ ಅರ್ಧ ಗಂಟೆ ಹುಡುಕಿದರು. ನೋವಿದ್ದ ಕಡೆಯೇ ಒತ್ತಬೇಕಾದುದರಿಂದ ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಸಹಿಸಿದಳು. ಆ ತರುಣರ ಹಣೆಯಲ್ಲಿಯೂ ಬೆವರು. ಕಡೆಗೆ ಹಿರಿಯ ವೈದ್ಯೆಯೊಬ್ಬರು ಬಂದು, ಆಕೆಯನ್ನು ಎಡಮಗ್ಗುಲಾಗಿಸಿ, ಉಸಿರು ಬಿಗಿಹಿಡಿಯಹೇಳಿ, ಕೈಯನ್ನು ಕೊಂಚ ಓರೆಮಾಡಿದರು. ಪಿತ್ತಕೋಶದ ಕಲ್ಲು ಬೆಳ್ಳಗೆ ಕಂಡು, ಅದರ ಹಿಂದೆ ಕರಿಯ ನೆರಳು ಬಿದ್ದಿತು. ಆ ತರುಣರಲ್ಲಿ ಓದಿಗೆ ಕೊರತೆಯಿರಲಿಲ್ಲ. ತಪ್ಪುಮಾಡಿ ಕಲಿಯಲು ಅವರಿಗೆ ಯಾರೂ ಮರಳನ್ನು ಕೊಟ್ಟಿರಲಿಲ್ಲ; ನಮ್ಮ ತಂಗಿಯ ಮೈಯೇ ಮರಳಾಯಿತು.

ಈ ವಿದ್ಯೆಯ ಕಷ್ಟವನ್ನು ವಾಚಕರು ಅರಿಯಬೇಕು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳಿಸುವುದು. ಹೊಟ್ಟೆಯ ಪರೀಕ್ಷೆಗೆ ಬಳಸುವ ಶಬ್ದದ ಕಂಪನಗಳಾದರೋ 20 ಲಕ್ಷಕ್ಕೂ ಮೇಲ್ಪಟ್ಟವು. ಅದು ಅಂಗಾಂಗಗಳಿಂದ ಮಾರ್ದನಿಯಾಗಿ ಹಿಂದಿರುಗಿ ಚಿತ್ರವಾಗುವುದು. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿತಜ್ಞರೂ ಅವರ ಸಂಗಡಿಗರೂ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದರ ಪ್ರಯೋಜನವನ್ನು ಲೋಕಕ್ಕೆ ತಿಳಿಸಿದರು. ಎಕ್ಸ್‌ರೇ ಚಿತ್ರವನ್ನು ಒಬ್ಬರು ತೆಗೆದು ಮತ್ತೊಬ್ಬರು ನಿಧಾನವಾಗಿ ನೋಡಬಹುದು. ಇಲ್ಲಿ ಹಾಗಲ್ಲ, ಕೈ ಒಂದೆಳೆ ವಾಲಿದರೆ ಚಿತ್ರವೇ ಬೇರೆ. ಕಾಣುವುದೂ ಕಾಣದಿರುವುದೂ ಹಿಡಿದವರ ಕೈಯಲ್ಲಿದೆ.

ಈಚೆಗೆ, ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕನಾಗಿರುವ ನಮ್ಮ ಹಳೆಯ ಶಿಷ್ಯನೊಬ್ಬನು “ಮೇಷ್ಟ್ರೇ, ತಾವು ಬಂದು ನೋಡಬೇಕು” ಎಂದು ಅಲ್ಲಿಯ ಅಭ್ಯಾಸಶಾಲೆಗೆ ಕರೆದೊಯ್ದನು. ಮೇಜಿನ ಮೇಲೆ ರಬ್ಬರಿನಂಥ ಮೈಯುಳ್ಳ ಬೊಂಬೆ. ಅದರ ಮೇಲಾಡಿಸುವ ಪ್ರೋಬಿನಿಂದ ಶಬ್ದತರಂಗವೇನೂ ಹೊರಡದು. ಅದು ಎಲ್ಲಿದೆ, ಎತ್ತ ವಾಲಿದೆ ಎಂಬುದನ್ನು ಕಂಪ್ಯೂಟರು ಗ್ರಹಿಸಿ, ಆ ನೆಲೆಗೆ ತಕ್ಕ ಚಿತ್ರವನ್ನು ತೆರೆಯ ಮೇಲೆ ತರುವುದು. ಅಪಘಾತದಲ್ಲಿ ಪೆಟ್ಟುತಿಂದವನ ಒಳಗೆ ರಕ್ತ ಸೋರಿದೆಯೇ ಎಂದರಿಯಲು ಮುಖ್ಯವಾಗಿ ನಾಲ್ಕು ನೆಲೆಗಳನ್ನು ನೋಡಬೇಕು: ಹೃದಯದ ಸುತ್ತ, ಬಲಗಡೆ ಯಕೃತ್ತಿನ ಬಳಿ, ಎಡಗಡೆ ಪ್ಲೀಹದ ಬಳಿ, ಕೆಳಗೆ ಮೂತ್ರಾಶಯದ ಸುತ್ತ. ಒಬ್ಬ ವಿದ್ಯಾರ್ಥಿನಿ ಮೂರನ್ನು ನೋಡಿ ನಾಲ್ಕನೆಯದನ್ನು ಮರೆತಳು. “ನಿನ್ನ ರೋಗಿ ಸತ್ತನಲ್ಲಮ್ಮ!” ಎಂದನು ನಮ್ಮ ಶಿಷ್ಯ. ಆಕೆ ನಾಲಗೆ ಕಚ್ಚಿಕೊಂಡು ಮೊದಲಿನಿಂದ ಆರಂಭಿಸಿದಳು. ಬೆಲೆಬಾಳುವ ಬೊಂಬೆಯಿಲ್ಲದ ಕಡೆ ಜೆಲಟಿನ್ ಕಾಸಿ ಅಚ್ಚಿಗೆ ಹೊಯ್ದು, ನೀರು ತುಂಬಿದ ಕೊಳವೆಯನ್ನು ಅದರಲ್ಲಿ ಹುದುಗಿಸಿ, ಚಿತ್ರವನ್ನು ನೋಡುತ್ತ ರಕ್ತನಾಳಕ್ಕೆ ಸೂಜಿ ನಡೆಸುವುದನ್ನು ಕಲಿಯುವರು.

ಇದನ್ನು ಕಂಡಾಗ ನಮಗೆ ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ನೆನಪಾಯಿತು. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ. ಸೀಳುವುದನ್ನು ನೀರೂ ಕೆಸರೂ ತುಂಬಿದ ತೊಗಲಿನ ಚೀಲದ ಮೇಲೆ. ಸಿರೆಯನ್ನು ಚುಚ್ಚುವುದನ್ನು ತಾವರೆಯ ದಂಟಿನ ಮೇಲೆ, ಸತ್ತ ಪ್ರಾಣಿಯ ಸಿರೆಯ ಮೇಲೆ. ಕಟ್ಟು ಕಟ್ಟುವುದನ್ನು ಮನುಷ್ಯಾಕೃತಿಯ ಬೊಂಬೆಯ ಮೇಲೆ ಕಲಿಯಬೇಕೆಂದು ಅಲ್ಲಿ ವಿಧಿಸಿದೆ. ಈ ಅಭ್ಯಾಸಕ್ಕೆ ‘ಯೋಗ್ಯಾ’ ಎಂದು ಹೆಸರು. ಎಷ್ಟು ಶಾಸ್ತ್ರ ಓದಿದವನಾದರೂ ಯೋಗ್ಯೆಯನ್ನು ಮಾಡದವನು ಕರ್ಮಕ್ಕೆ ಅಯೋಗ್ಯನೆಂಬುದು ಅಲ್ಲಿಯ ತೀರ್ಪು. ಅಲ್ಟ್ರಾಸೌಂಡ್ ಪೂರ್ವಿಕರಿಗೆ ತಿಳಿದಿತ್ತೆಂಬ ಬಡಾಯಿ ನಮ್ಮದಲ್ಲ. ಕಲಿಯುವವನು ಎಲ್ಲಿ ತಪ್ಪಬೇಕೆಂಬುದು ಅವರಿಗೆ ತಿಳಿದಿತ್ತು, ಅಷ್ಟೆ.

ಬೊಂಬೆಯೇ ಗುರುವೆಂದೂ ಭಾವಿಸಬಾರದು. ಅದಕ್ಕೆ ನೋವಿಲ್ಲ, ನಾಚಿಕೆಯಿಲ್ಲ, ಭಯವಿಲ್ಲ. ಬಟ್ಟೆ ಸರಿಸುವ ಮುನ್ನ ಅನುಮತಿ ಬೇಡುವುದನ್ನೂ, ಮುಖ ಕಿವಿಚಿದೊಡನೆ ಕೈ ಹಗುರಮಾಡುವುದನ್ನೂ ಜೀವಂತ ರೋಗಿಯ ಬಳಿಯಲ್ಲಿಯೇ, ಹಿರಿಯರ ಸಮಕ್ಷಮದಲ್ಲಿ ಕಲಿಯಬೇಕು. ಆದರೆ ಕೈಯ ತಡವರಿಕೆಯು ಮೊದಲೇ ಕಳೆದಿದ್ದರೆ ಮನಸ್ಸಿಗೆ ರೋಗಿಯ ಮುಖ ನೋಡಲು ಬಿಡುವಾದೀತು.

ಹಣವಂತರು ಪಳಗಿದ ಕೈಯನ್ನು ಅರಸಿ ಹೋಗಬಲ್ಲರು. ಹೊಸ ಕೈಗಳು ಪಳಗುವುದು ಬಹುಮಟ್ಟಿಗೆ ಬಡವರ ಮೈಮೇಲೆ. ವೈದ್ಯಕೀಯ ಕಾಲೇಜುಗಳಲ್ಲಿ ಅಭ್ಯಾಸಶಾಲೆಯಿರಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2020ರ ನಿಯಮಗಳಲ್ಲಿಯೇ ವಿಧಿಸಿದೆ. ತೆರಿಗೆ ಕೊಡುವ ಗೃಹಸ್ಥರು ತಮ್ಮ ಜಿಲ್ಲೆಯ ಕಾಲೇಜಿನಲ್ಲಿ ಇಂಥ ಬೊಂಬೆಯುಂಟೇ, ಅದರ ಪಕ್ಕದಲ್ಲಿ ತಿದ್ದುವ ಗುರುವುಂಟೇ ಎಂದು ಕೇಳುವುದು ಉದ್ಧಟತನವಲ್ಲ. ಬೀಗ ಹಾಕಿದ ಕೊಠಡಿಯಲ್ಲಿ ಧೂಳು ಹಿಡಿದ ಬೊಂಬೆಯಿಂದ ಯಾರ ಕೈಯೂ ಪಳಗದು.