ನ್ಯೂಜೆರ್ಸಿಯ ಕರಡಿ ಜಗಳ

ಅಮೆರಿಕದಲ್ಲಿ ಜನಸಾಂದ್ರತೆ ಅತಿ ಹೆಚ್ಚಿರುವ ರಾಜ್ಯ ನ್ಯೂಜೆರ್ಸಿ. ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಎಡಿಸನ್ ಇರುವುದೂ ಇಲ್ಲಿಯೇ. ಹೆದ್ದಾರಿ, ಕಾರ್ಖಾನೆಗಳನ್ನು ಹಿಂದೆ ಬಿಟ್ಟು ವಾಯವ್ಯದ ಸಸೆಕ್ಸ್ ಕೌಂಟಿಯತ್ತ ಹೊರಟರೆ ಮಾತ್ರ ನೋಟವೇ ಬದಲಾಗುತ್ತದೆ. ಕಿಟಟಿನಿ ಬೆಟ್ಟಸಾಲು, ಓಕ್ ಮರಗಳ ಕಾಡು, ಪಶ್ಚಿಮದ ಅಂಚಿನಲ್ಲಿ ಡೆಲವೇರ್ ನದಿ. ಇಲ್ಲಿನ 1,803 ಅಡಿ ಎತ್ತರದ ಹೈ ಪಾಯಿಂಟ್ ಇಡೀ ರಾಜ್ಯದ ನೆತ್ತಿ. ಬೆಟ್ಟದ ತಪ್ಪಲಿನ ಮನೆಗಳ ಹಿತ್ತಿಲಿಗೆ ಆಗಾಗ ಬರುವ ಅತಿಥಿ ಕಪ್ಪು ಕರಡಿ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ರಾಜ್ಯದಲ್ಲಿ ನೂರು ಕರಡಿಗಳೂ ಉಳಿದಿರಲಿಲ್ಲ. 1971ರಲ್ಲಿ ಬೇಟೆ ನಿಂತಿತು. ಹಳೆಯ ಹೊಲಗಳು ಮತ್ತೆ ಕಾಡಾದವು, ಕರಡಿಗಳು ಹೆಚ್ಚಿದವು. ಅತ್ತ ಕಾಡಿನ ಅಂಚಿನವರೆಗೂ ಮನೆಗಳು ಎದ್ದವು. 2003ರಲ್ಲಿ ಬೇಟೆ ಪುನಃ ಆರಂಭವಾಗಿ 328 ಕರಡಿಗಳು ಸತ್ತವು. ಅಂದು ಹೊತ್ತಿದ ಜಗಳ ಇನ್ನೂ ಆರಿಲ್ಲ.

ಬೇಟೆ ಬೇಕೆನ್ನುವವರ ವಾದಕ್ಕೆ ಆಧಾರವಿದೆ. ಇಲ್ಲಿನ ಹೆಣ್ಣು ಕರಡಿ ಒಮ್ಮೆಗೆ ಮೂರು ಮರಿ ಹಾಕುವುದು ಅಪರೂಪವಲ್ಲ. ಮನುಷ್ಯನನ್ನು ಬಿಟ್ಟರೆ ದೊಡ್ಡ ಕರಡಿಗೆ ಇಲ್ಲಿ ಶತ್ರುವಿಲ್ಲ. 2014ರಲ್ಲಿ ವೆಸ್ಟ್ ಮಿಲ್‌ಫರ್ಡ್‌ನ ಕಾಡಿಗೆ ಗೆಳೆಯರೊಡನೆ ಚಾರಣಕ್ಕೆ ಹೋದ ಕಾಲೇಜು ವಿದ್ಯಾರ್ಥಿಯೊಬ್ಬ ಕರಡಿಗೆ ಬಲಿಯಾದ. ರಾಜ್ಯದಲ್ಲಿ ದಾಖಲಾದ ಇಂತಹ ಮೊದಲ ಸಾವು ಅದು. ಕರಡಿಯನ್ನು ಕಂಡಾಗ ಓಡಬಾರದು. ಗಟ್ಟಿಯಾಗಿ ಮಾತನಾಡುತ್ತ ನಿಧಾನವಾಗಿ ಹಿಂದೆ ಸರಿಯಬೇಕು ಎಂಬುದು ಅಲ್ಲಿನ ಅರಣ್ಯ ಸಿಬ್ಬಂದಿ ನೀಡುವ ಸಲಹೆ.

ಬೇಟೆ ಬೇಡವೆನ್ನುವವರು ಕಸದ ಡಬ್ಬಿಯತ್ತ ಬೆರಳು ತೋರಿಸುತ್ತಾರೆ. ಇಲ್ಲೊಂದು ಜೀವವಿಜ್ಞಾನದ ಸೋಜಿಗವಿದೆ. ಕರಡಿಗಳು ಬೇಸಿಗೆಯಲ್ಲಿ ಕೂಡುತ್ತವೆ, ಆದರೆ ಭ್ರೂಣ ಕೂಡಲೇ ಗರ್ಭಕೋಶಕ್ಕೆ ಅಂಟಿಕೊಳ್ಳುವುದಿಲ್ಲ. ಶರತ್ಕಾಲ ಮುಗಿಯುವ ವೇಳೆಗೆ ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬು ತುಂಬಿದ್ದರೆ ಮಾತ್ರ ಅದು ಬೆಳೆಯುತ್ತದೆ. ಓಕ್ ಕಾಯಿಯ ಜೊತೆಗೆ ಮನೆಯ ಎಂಜಲೂ ಸಿಕ್ಕರೆ ಕೊಬ್ಬು ಸಲೀಸಾಗಿ ಸೇರುತ್ತದೆ. ಅಂದರೆ ಕಸ ಕರಡಿಯನ್ನು ಬಾಗಿಲಿಗೆ ಕರೆಯುವುದಷ್ಟೇ ಅಲ್ಲ, ಅದರ ಸಂತತಿಯನ್ನೂ ಬೆಳೆಸಬಲ್ಲದು. ಕೊಲೊರಾಡೊದ ಡುರಾಂಗೊ ಪಟ್ಟಣದಲ್ಲಿ ಕರಡಿ ತೆರೆಯಲಾಗದ ಸಾವಿರಕ್ಕೂ ಹೆಚ್ಚು ಡಬ್ಬಿಗಳನ್ನು ಹಂಚಿ ನೋಡಿದರು. ಆ ಬಡಾವಣೆಗಳಲ್ಲಿ ಕಸಕ್ಕಾಗಿ ಆಗುವ ಕರಡಿ ತಂಟೆ ಶೇ. 60ರಷ್ಟು ಕಡಿಮೆ ಇತ್ತೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಉಳಿದ ಉಪಾಯಗಳು ಅಷ್ಟು ಸುಲಭವಲ್ಲ. ಹಿಡಿದು ದೂರ ಬಿಟ್ಟ ಕರಡಿ ಮರಳಿ ಬರುವುದುಂಟು. ಸಂತಾನಹರಣದ ಚುಚ್ಚುಮದ್ದಿಗೆ ಕಾಡಿನಲ್ಲಿ ಒಂದೊಂದನ್ನೂ ಹಿಡಿಯಬೇಕು.

ರಾಜಕೀಯವೂ ಸೇರಿತು. ಬೇಟೆ ನಿಲ್ಲಿಸುವುದಾಗಿ ಮಾತು ಕೊಟ್ಟು ಗೆದ್ದಿದ್ದ ಗವರ್ನರ್ ಫಿಲ್ ಮರ್ಫಿ 2018ರಲ್ಲಿ ಸರ್ಕಾರಿ ಜಮೀನಿನಲ್ಲಿ ಅದನ್ನು ನಿಷೇಧಿಸಿದರು. 2021ರಲ್ಲಿ ಬೇಟೆಯೇ ನಡೆಯಲಿಲ್ಲ. 2022ರ ಮೊದಲ ಹತ್ತು ತಿಂಗಳಲ್ಲಿ ಕರಡಿ ಕಂಡ, ಹಾನಿ ಮಾಡಿದ ವರದಿಗಳು ಹಿಂದಿನ ವರ್ಷಕ್ಕಿಂತ ಶೇ. 237ರಷ್ಟು ಏರಿದವೆಂದು ಸರ್ಕಾರ ತಿಳಿಸಿತು. ಆಗ ಅವರೇ ಬೇಟೆಗೆ ಒಪ್ಪಿದರು. ಈ ಬಾರಿ 75 ಪೌಂಡಿಗಿಂತ ಕಡಿಮೆ ತೂಕದ ಮರಿಗಳನ್ನೂ ಅವುಗಳ ಜೊತೆಗಿರುವ ತಾಯಿಯನ್ನೂ ಕೊಲ್ಲಬಾರದೆಂಬ ನಿಯಮ ಬಂತು. ಒಂದೇ ವರ್ಷದ ಅಂಕಿಯಿಂದ ಬೇಟೆಯ ಫಲವನ್ನು ಅಳೆಯಬಹುದೇ ಎಂದು ವಿರೋಧಿಗಳು ಕೇಳುತ್ತಾರೆ. ಪ್ರಶ್ನೆ ತೆಗೆದುಹಾಕುವಂಥದ್ದಲ್ಲ, ಓಕ್ ಕಾಯಿ ಕಡಿಮೆ ಬಿಟ್ಟ ವರ್ಷವೂ ಕರಡಿಗಳು ಊರಿಗೆ ಇಳಿಯುತ್ತವೆ.

ಕಸವನ್ನು ಭದ್ರಪಡಿಸಬೇಕೆಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ನ್ಯೂಜೆರ್ಸಿಯಲ್ಲಿ ಕರಡಿಗೆ ತಿನಿಸು ಹಾಕುವುದು ಕಾನೂನಿಗೆ ವಿರುದ್ಧ. ಹೈ ಪಾಯಿಂಟಿಗೆ ಬುತ್ತಿ ಒಯ್ದವರು ಉಂಡ ಮೇಲೆ ಉಳಿದ ಕಸವನ್ನು ತಮ್ಮ ಚೀಲದಲ್ಲೇ ಮನೆಗೆ ಕೊಂಡೊಯ್ಯಬೇಕು.