ಅರ್ಧ ಅಂಕದ ಬಾಕಿ

ಭೀಮಾ ದಂಡೆಯ ನಮ್ಮ ಮಣ್ಣೂರಲ್ಲಿ ಸಣ್ಣ ಹುಡುಗರಿಗೆ ಯಾರೂ ‘ರೀ’ ಹಚ್ಚುವುದಿಲ್ಲ. ಮನೆಯಲ್ಲಿ ‘ಲೇ’, ಹೊಲದಲ್ಲಿ ‘ಏ ತಮ್ಮಾ’. ಶಾಲೆಯಲ್ಲಿ ಮಾಸ್ತರರ ಆ ದಿನದ ಸಿಟ್ಟಿಗೆ ತಕ್ಕ ಹೆಸರು. ನಮಗೂ ಮರ್ಯಾದೆ ಸಿಗುತ್ತಿದ್ದದ್ದು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ: ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಸ್ವಂತ ವಾಕ್ಯದಲ್ಲಿ ಬಳಸಿರಿ. ನನ್ನ ಗೆಳೆಯನೊಬ್ಬ ಬಿಟ್ಟ ಸ್ಥಳಗಳನ್ನೆಲ್ಲ ಬಿಟ್ಟಂತೆಯೇ ಬಿಟ್ಟು ಬಂದ. ಯಾಕೋ ಎಂದರೆ, “‘ತುಂಬಿರಿ’ ಅಂತ ಅದರೀ ಸರ್. ನಿಮಗೇ ಹೇಳ್ಯಾರಂತ ಮಾಡಿದ್ದೆ” ಅಂದ.

ಆಗ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೆಯ ತರಗತಿಗೆ; 2007-08ರಲ್ಲಿ ಅದು ಒಂದನೆಯ ತರಗತಿಗೇ ಇಳಿಯಿತು. ಓದಿದ ಪಾಠ ಒಂದೂ ನೆನಪಿಲ್ಲ, ಪ್ರಶ್ನೆಗಳ ತಲೆಬರಹ ಮಾತ್ರ ನಾಲಿಗೆಯ ಮೇಲಿವೆ. ಮದುವೆ ಪಂಗತಿಯ ನಡುವೆ ಜಾಗ ಕಂಡರೆ “ಫಿಲ್ಲಿಂದಬ್ಲ್ಯಾಂಕ್ಸ್ ಮಾಡ್ರಲೇ!” ಹೆಣ್ಣು ನೋಡಲು ಹೊರಟ ಅಣ್ಣನ ಬೆನ್ನಿಗೆ “ಮ್ಯಾಚ್ ದ ಫಾಲೋಯಿಂಗ್!” ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡವನಿಗೆ “ಕರೆಕ್ಟ್ ದ ಮಿಸ್ಟೇಕ್ಸ್!” 1948ಕ್ಕೆ ಮೊದಲು, ನಿಜಾಮರ ಕಾಲದಲ್ಲಿ, ಉರ್ದುವಿನಲ್ಲಿ ಓದಿದ್ದ ಮುತ್ಯಾನಿಗೆ ಈ ಬಗೆಗಳ ಗೊಡವೆಯೇ ಇರಲಿಲ್ಲ. ಅವನದು ಒಂದೇ ಮಾತು: “ಸವಾಲ್ ಎಷ್ಟ ಬಿಡಿಸಿದಿ?”

ಮುಂದೆ ನಾನೇ ಮಾಸ್ತರನಾಗಲು ಹೊರಟಾಗ ಆ ಬಗೆಗಳಿಗೆಲ್ಲ ಶಾಸ್ತ್ರೋಕ್ತ ಹೆಸರುಗಳಿವೆ ಎಂದು ತಿಳಿಯಿತು. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಲು ಹೇಳುವ ಪ್ರಶ್ನೆಯಲ್ಲಿ ಮೇಲಿನ ಸಾಲು ‘ಸ್ಟೆಮ್’, ಸರಿಯುತ್ತರ ‘ಕೀ’, ದಾರಿ ತಪ್ಪಿಸಲೆಂದೇ ಇಟ್ಟ ಉಳಿದ ಮೂರು ‘ಡಿಸ್ಟ್ರ್ಯಾಕ್ಟರ್’. ನಮ್ಮ ಶಾಲೆಯಲ್ಲಿ ಆ ಮೂರರ ಕೆಲಸವನ್ನು ಕಿಟಕಿಯಾಚೆಯ ಐಸ್‌ಕ್ಯಾಂಡಿಯವನು ಒಬ್ಬನೇ ನಿಭಾಯಿಸುತ್ತಿದ್ದ. ಬಿಡಿ ವಾಕ್ಯದಿಂದ ಬೇಕಾದ ಪದ ಕಿತ್ತರೆ ‘ಗ್ಯಾಪ್ ಫಿಲ್’. ಇಡೀ ಗದ್ಯದಲ್ಲಿ ಪ್ರತಿ ಐದನೆಯ ಪದ ಎಂಬಂತೆ ಲೆಕ್ಕ ಹಿಡಿದು ಅಳಿಸುತ್ತ ಹೋದರೆ ‘ಕ್ಲೋಜ್’. 1953ರಲ್ಲಿ ಈ ಹೆಸರಿಟ್ಟವನು ಅಮೆರಿಕದ ವಿಲ್ಸನ್ ಟೇಲರ್. ಅವನು ಪರೀಕ್ಷೆಗೆ ಕೂರಿಸಿದ್ದು ಹುಡುಗರನ್ನಲ್ಲ, ಬರಹವನ್ನು! ಓದುವವರಿಗೆ ಖಾಲಿ ಜಾಗ ತುಂಬಲು ಆಗದಿದ್ದರೆ ಆ ಬರಹವೇ ತೊಡಕಿನದು ಎಂಬುದು ಅವನ ಲೆಕ್ಕ. ಈ ಸುದ್ದಿ ಹೊತ್ತಿಗೆ ಸರಿಯಾಗಿ ಮಣ್ಣೂರು ಮುಟ್ಟಿದ್ದರೆ ಎಷ್ಟು ಕಿವಿಗಳು ಹಿಂಡಿಸಿಕೊಳ್ಳದೆ ಉಳಿಯುತ್ತಿದ್ದವೋ.

ಒಂದು ವಾರ್ಷಿಕ ಪರೀಕ್ಷೆ. ಹೊರಗೆ ನೆತ್ತಿ ಸುಡುವ ಬಿಸಿಲು. ‘ಸ್ನೋ’ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕಿತ್ತು. ಅದೇ ಗೆಳೆಯ ಬರೆದ: ‘ಮೈ ಸಿಸ್ಟರ್ ಅಪ್ಲೈ ಸ್ನೋ ಎವ್ರಿ ಡೇ.’ ನಮ್ಮಲ್ಲಿ ಸ್ನೋ ಅಂದರೆ ಅಫ್ಘಾನ್ ಸ್ನೋ, ಅಕ್ಕಂದಿರು ಕನ್ನಡಿಯ ಹಿಂದೆ ಬಚ್ಚಿಡುತ್ತಿದ್ದ ಗಾಜಿನ ಡಬ್ಬಿ. ಮಾಸ್ತರರು ಬಿದ್ದು ಬಿದ್ದು ನಕ್ಕು ಅರ್ಧ ಅಂಕ ಕೊಟ್ಟರು, ಅದೂ ‘ಎವ್ರಿ ಡೇ’ಗೆ.

ಟೇಲರನ ನ್ಯಾಯ ಹಚ್ಚಿದರೆ ಗೆಳೆಯ ಪೂರ್ತಿ ಪಾಸು. ನಪಾಸಾದವರು ಹಿಮ ಕಾಣದ ಊರಿಗೆ ಆ ಪದ ಕಳಿಸಿದವರು. ಆದರೆ ತೀರ್ಪು ಹೇಳಲು ಅವನು ಕೈಗೆ ಸಿಗಬೇಕಲ್ಲ? ಹತ್ತನೆಯದಕ್ಕೆ ಶಾಲೆ ಬಿಟ್ಟು ಗೌಂಡಿ ಕೆಲಸಕ್ಕೆ ಪುಣೆಗೆ ಹೋದವನು. ಸಿಕ್ಕರೆ ಉಳಿದ ಅರ್ಧ ಅಂಕ ಚುಕ್ತಾ ಮಾಡಬೇಕೆಂದಿದ್ದೇನೆ. ಬೇಡ ಅನ್ನುವವನಲ್ಲ ಅವನು. ಬಡ್ಡಿ ಕೇಳಿದರೂ ಕೇಳಿದನೇ.