ಕರಾರುಪತ್ರವೂ ಅಣುವ್ರತವೂ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಅಂಗಡಿಯೊಂದರಲ್ಲಿ ರಾಣೆಬೆನ್ನೂರಿನ ಶ್ರಾವಕನೊಬ್ಬನು ಬಹುಕಾಲದಿಂದ ಗುಮಾಸ್ತನಾಗಿದ್ದಾನೆ. ಡಬ್ಬಿ, ಕಡ್ಡಿ ಕಾಯಿಗಳ ಬಣ್ಣವನ್ನು ನೋಡಿದ ಮಾತ್ರಕ್ಕೆ ಬೆಲೆ ಹೇಳಬಲ್ಲವನು. ಒಂದು ದಿನ ಮಾಲೀಕರು, ಅವರೂ ಶ್ರಾವಕರೇ, ಅವನ ಮುಂದೆ ಕರಾರುಪತ್ರವೊಂದನ್ನು ಇಟ್ಟರು: ಕೆಲಸ ಬಿಟ್ಟರೆ 2 ವರ್ಷ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಇದೇ ವ್ಯಾಪಾರದಲ್ಲಿ ತೊಡಗಕೂಡದು.

ಪರಿಚಯದ ವಕೀಲರು ನಕ್ಕರು. “ಸಹಿ ಹಾಕಿಬಿಡಿ. 1872ರ ಕರಾರು ಕಾಯಿದೆಯ 27ನೆಯ ಕಲಮಿನ ಮುಂದೆ, ಕೆಲಸ ಬಿಟ್ಟ ಮೇಲಿನ ಇಂಥ ನಿರ್ಬಂಧ ನಿಲ್ಲದು” ಎಂದರು. ಕಾನೂನಿನ ಮಾತು ಸರಿಯೇ. ಆದರೆ ಪಾಲಿಸುವ ಮನಸ್ಸಿಲ್ಲದೆ ಹಾಕಿದ ಸಹಿಯನ್ನು ಸತ್ಯಾಣುವ್ರತವು ಒಪ್ಪೀತೆ? ಆ ರಾತ್ರಿ ಅವನಿಗೆ ನಿದ್ರೆ ಹತ್ತಲಿಲ್ಲ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸುತ್ತದೆ. ನಂಬಿ ಇಟ್ಟುದನ್ನು ಅಪಹರಿಸುವುದೆಂದು ಅದರ ಅರ್ಥ. ಮಾಲೀಕರ ಲೆಕ್ಕ, ಗಿರಾಕಿಗಳ ಪಟ್ಟಿ ಅಂಥ ನ್ಯಾಸವೇ ಸರಿ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಆಶ್ರಿತನು ಕಲಿತ ಕಸುಬನ್ನು ಕಟ್ಟಿಹಾಕುವುದು ಅದಕ್ಕೆ ಬಹಳ ದೂರವಲ್ಲ.

ಮರುದಿನ ಅವನು ಕೈಮುಗಿದು ನುಡಿದನು: “ಸಾಹುಕಾರರೇ, ಅಂಗಡಿಯ ಗುಟ್ಟನ್ನು ಎಂದಿಗೂ ಹೊರಗೆಡಹೆನೆಂದು ಬರೆದುಕೊಡುತ್ತೇನೆ. ಅನ್ನದ ದಾರಿ ಮುಚ್ಚುವ ಮಾತಿಗೆ ಸಹಿ ಹಾಕಲಾರೆ.”

ಮಾಲೀಕರು ಮೌನವಾಗಿ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡರು. ಉತ್ತರವನ್ನು ಅವರು ಇನ್ನೂ ಕೊಟ್ಟಿಲ್ಲ. ಕೆಲಸ ಉಳಿಯುವುದೋ ಇಲ್ಲವೋ ಅವನಿಗೂ ತಿಳಿಯದು.

ದಿಗ್ವ್ರತದ ಎಲ್ಲೆಯನ್ನು ಶ್ರಾವಕನು ತನಗೆ ತಾನೇ ಹಾಕಿಕೊಳ್ಳುತ್ತಾನೆ. ಇನ್ನೊಬ್ಬರ ಮೇಲೆ ಹೇರಿದ ಎಲ್ಲೆ ವ್ರತವೆನಿಸದು. ಅಂಗಡಿ ನಡೆಸುವವರೂ ಅಲ್ಲಿ ದುಡಿಯುವವರೂ ಇದನ್ನು ನೆನೆದರೆ ಅರ್ಧ ಕರಾರುಗಳು ಬೇಕಾಗುವುದೇ ಇಲ್ಲ.